ಅನ್ನಪೂರ್ಣೆಯ ಆರನೇ ಬೆರಳು

ಟಕಟಕಟಕಟಕ... ಟಿಕ್.

ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಬೆರಳುಗಳು ಓಡುವ ಸದ್ದು. ಜೆ.ಪಿ. ನಗರದ ನಮ್ಮ ಹೋಮ್‌ನಲ್ಲಿ ಮಧ್ಯಾಹ್ನ ಊಟದ ಹಾಲ್‌ನ ಕೆಂಪು ನೆಲದ ಮೇಲೆ ಸಾಲಾಗಿ ಕೂತ ಮಕ್ಕಳು, ಸಾರಿನ ಬಕೆಟ್ಟು ಬರುವ ತನಕ ತಟ್ಟೆ ಬಾರಿಸುತ್ತಿದ್ದರು. ಅಷ್ಟು ಗದ್ದಲದಲ್ಲೂ ಒಬ್ಬಳ ತಟ್ಟೆಯನ್ನು ಮಾತ್ರ ನಾನು ಕಣ್ಣು ಮುಚ್ಚಿಯೇ ಗುರುತು ಹಿಡಿಯುತ್ತಿದ್ದೆ. ಬೇರೆಯವರ ತಾಳ ಮುಗಿದ ಕಡೆ ಅವಳದ್ದು ಮುಗಿಯುತ್ತಿರಲಿಲ್ಲ. ಕೊನೆಯಲ್ಲಿ ಸಣ್ಣದೊಂದು ‘ಟಿಕ್’ ಹೆಚ್ಚಿಗೆ ಇರುತ್ತಿತ್ತು. ಅವಳ ಎಡಗೈಯ ಕಿರುಬೆರಳಿಗೆ ಆತುಕೊಂಡು ಇನ್ನೊಂದು ಬೆರಳಿತ್ತು. ಹುರುಳಿಕಾಯಿಯ ತುದಿಯಷ್ಟು ಪುಟ್ಟದು, ಅದಕ್ಕೊಂದು ಉಗುರು ಬೇರೆ.

ಹೋಮ್ ಎಂದರೆ ಅಪ್ಪ ಅಮ್ಮ ಇಲ್ಲದ, ಇದ್ದರೂ ಸಾಕಲಾಗದೆ ಬಿಟ್ಟುಹೋದ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಒಂದು ಚಾರಿಟಿ. ನಾನು ಜಯನಗರದಿಂದ ಶನಿವಾರ ಶನಿವಾರ ಅಲ್ಲಿಗೆ ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದೆ. ಸಂಬಳವಿಲ್ಲದ ಕೆಲಸ, ನನ್ನಂಥ ಕಾನ್ವೆಂಟ್ ಹುಡುಗಿಯರು ಮದುವೆಯಾಗಿ, ಮನೆ ಹಿಡಿದು, ಬೇಸರವಾದಾಗ ಮಾಡುವ ಕೆಲಸ ಎಂದು ನನ್ನ ಗಂಡ ಹಾಸ್ಯ ಮಾಡುತ್ತಿದ್ದರು. ಅವರು ಹೋದ ಮೇಲೂ ಅದು ನಿಲ್ಲಲಿಲ್ಲ. ಮಕ್ಕಳಿಗೆ ನಾನು ‘ಮಿಸ್’. ವಾರ್ಡನ್ನಿಗೆ ‘ಅಮ್ಮ’ ಎನ್ನಬೇಕೆಂದು ರೂಲ್ ಇತ್ತು, ದೇಣಿಗೆ ಕೊಡಲು ಬಂದವರಿಗೆ ‘ಅಂಕಲ್, ಆಂಟಿ’ ಎನ್ನಬೇಕೆಂದು ಹೇಳಿಕೊಡಲಾಗಿತ್ತು. ‘ಮಿಸ್’ ಎಂದು ಕರೆಯಿರಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವರೇ ಹುಟ್ಟಿಸಿಕೊಂಡದ್ದು. ಅದಕ್ಕೇ ನನಗೆ ಆ ಪದದ ಮೇಲೆ ಅಷ್ಟು ಆಸೆ.

ನಾನು ಕಲಿಸಿದ್ದಾದರೂ ಏನು? ಪ್ರತಿ ಇಂಗ್ಲಿಷ್ ಪದಕ್ಕೂ ಬಾಲದಂತೆ ಒಂದು ‘ಉ’ ಅಂಟಿಸುವುದನ್ನು ಬಿಡಿಸಿದೆ. ಬಸ್ಸು, ಬುಕ್ಕು, ಪ್ಲೇಟು, ನೆಕ್ಸ್ಟು. ಬೋರ್ಡಿನ ಹತ್ತಿರ ಒಬ್ಬೊಬ್ಬರನ್ನೇ ಕರೆಯುವಾಗ ಅವರೇ ‘ನೆಕ್ಸ್ಟ್’ ಎಂದು ಮುಂದಿನವರನ್ನು ಕೂಗಬೇಕು. ‘ಉ’ ಬಂದರೆ ವಾಪಸ್. ಆ ಹುಡುಗಿ ವಾರಗಟ್ಟಲೆ ವಾಪಸ್ ಹೋದಳು.

‘ಆ ಉ ಎಲ್ಲಿಗ್ ಹೋಗ್ಬೇಕು ಮಿಸ್, ಪಾಪ? ಅದಕ್ಕೂ ಒಂದು ಹೋಮು ಬೇಡ್ವಾ?’ ಎಂದಳು ಒಮ್ಮೆ.

ಆಗ ಅವಳಿಗೆ ಎಂಟೋ ಒಂಬತ್ತೋ ವಯಸ್ಸು. ನಾನು ನಕ್ಕುಬಿಟ್ಟೆ. ‘ಹೋಮ್’ ಎಂದು ತಿದ್ದುವುದನ್ನೂ ಮರೆತೆ.

ಅದೇ ಸುಮಾರಿಗೆ ಆ ಫೋಟೋ ತೆಗೆದದ್ದು. ಯಾರೋ ದಾನಿಗಳ ಮನೆಯಲ್ಲಿ ಏನೋ ಶುಭಕಾರ್ಯ. ಹೋಮ್‌ನ ಮಕ್ಕಳಿಗೆ ಊಟ ಹಾಕಿಸಲು ಬಂದಿದ್ದರು. ಶಾವಿಗೆ ಪಾಯಸ ಇತ್ತು. ಫೋಟೋಗ್ರಾಫರ್ ಬೆಳಕು ಸರಿಮಾಡಿಕೊಳ್ಳುವ ತನಕ ಬಡಿಸಬಾರದೆಂದು ಆರ್ಡರ್ ಆಯಿತು. ಈ ಹುಡುಗಿಯ ಕಿವಿಯ ಮೇಲೆ ಎರಡು ಬದಿಗೂ ರಿಬ್ಬನ್ನಿನ ದೊಡ್ಡ ಹೂವು ಕಟ್ಟಿ, ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿಸಿ, ಮೇಲೆ ನೋಡು ಎಂದರು. ನೋಡಿದಳು. ಆ ಕಣ್ಣಿನಲ್ಲಿ ‘ಹೋಪ್’ ಇದೆ ಎಂದು ಆಮೇಲೆ ಎಲ್ಲರೂ ಹೇಳಿದರು. ಕ್ಯಾಲೆಂಡರಿಗೆ ಹಾಕಿದರು, ಬ್ರೋಷರಿಗೆ ಹಾಕಿದರು, ಫ್ರೇಮು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಹೋಪ್ ಅಲ್ಲ, ಹಸಿವು. ಜೊತೆಗೆ ಸ್ವಲ್ಪ ಸಿಟ್ಟು. ‘ಪಾಯಸದ ಮೇಲೆ ಕೆನೆ ಕಟ್ಟಿಬಿಟ್ಟಿತ್ತು ಮಿಸ್’ ಎಂದು ಅವಳು ದೊಡ್ಡವಳಾದ ಮೇಲೂ ಆ ದಿನವನ್ನು ಶಪಿಸುತ್ತಿದ್ದಳು.

ದೊಡ್ಡವಳಾದಳು, ಓದಿದಳು, ಲ್ಯಾಬ್ ಟೆಕ್ನಿಷಿಯನ್ ಆದಳು. ಜೆ.ಪಿ. ನಗರದಲ್ಲೇ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಕೆಲಸ. ನನ್ನ ಶುಗರ್ ಟೆಸ್ಟಿಗೆ ಅಲ್ಲಿಗೇ ಹೋಗುತ್ತಿದ್ದೆ. ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ, ಅಂಥ ಹಗುರ ಕೈ. ಗ್ಲೌಸ್ ಹಾಕಿಕೊಳ್ಳುವಾಗ ಮಾತ್ರ ಎಡಗೈಗೆ ಒದ್ದಾಟ. ಕಿರುಬೆರಳಿನ ತೂತಿನಲ್ಲಿ ಎರಡು ಬೆರಳನ್ನೂ ಒಟ್ಟಿಗೆ ತುರುಕಬೇಕು. ಅಲ್ಲಿ ರಬ್ಬರು ಉಬ್ಬಿಕೊಂಡು ಒಂದು ಸುಕ್ಕು ನಿಲ್ಲುತ್ತಿತ್ತು.

‘ಗ್ಲೌಸ್ ಮಾಡೋರು ನನ್ನನ್ನ ಕೇಳೇ ಇಲ್ಲ ನೋಡಿ ಮಿಸ್’ ಎನ್ನುತ್ತಿದ್ದಳು.

ಅಲ್ಲೇ ಪರಿಚಯವಾದ ಹುಡುಗನನ್ನು ಮದುವೆಯಾದಳು. ಅವನದು ಬಿಳೇಕಹಳ್ಳಿಯ ಹಳೇ ಮನೆತನ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಹುಡುಗ ಯಾವುದೋ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದ. ಹೋಮ್ ವಿಷಯ ಅವನಿಗೆ ಎಲ್ಲ ಗೊತ್ತಿತ್ತು. ತಾಯಿಗೆ ಮಾತ್ರ, ಅಪ್ಪ ಅಮ್ಮ ಚಿಕ್ಕಂದಿನಲ್ಲೇ ತೀರಿಕೊಂಡ, ಹಾಸ್ಟೆಲಿನಲ್ಲಿ ಓದಿದ ಹುಡುಗಿ ಎಂದು ಹೇಳಿದ್ದ. ಯಾವ ಪೈಕಿ ಎಂದು ತಾಯಿ ಕೇಳಿದ್ದಕ್ಕೆ, ‘ನಮ್ಮೋರೇ ಕಣಮ್ಮ, ಮಂಡ್ಯ ಕಡೆಯೋರು’ ಎಂದುಬಿಟ್ಟಿದ್ದ. ತಮ್ಮದೊಂದು ಮಗು ಆದ ಮೇಲೆ ನಿಧಾನವಾಗಿ ಹೇಳೋಣ, ಆಗ ಅಮ್ಮ ಏನೂ ಅನ್ನಲ್ಲ ಎಂಬುದು ಅವನ ಲೆಕ್ಕ.

ಮದುವೆಗೆ ನಾನು ‘ಸ್ಕೂಲ್ ಟೀಚರ್’ ಆಗಿ ಹೋಗಿದ್ದೆ. ಧಾರೆ ಮುಗಿದ ಮೇಲೆ ಅತ್ತೆ ಸೊಸೆಯ ಎಡಗೈ ಹಿಡಿದು ಬಂದವರಿಗೆಲ್ಲ ತೋರಿಸಿದರು. ‘ಆರು ಬೆಳ್ಳು ನೋಡ್ರವ್ವ! ಅದೃಷ್ಟ ಕಣ್ರೇ ಇದು. ಲಕ್ಷ್ಮಿ ನಡ್ಕಂಡು ಬತ್ತಾವ್ಳೆ ನಮ್ಮನೆಗೆ.’ ಹುಟ್ಟಿದಾಗಿನಿಂದ ಅವಳು ಲಂಗದ ಮರೆಯಲ್ಲಿ, ಪುಸ್ತಕದ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ ಕೈಯದು. ಅವತ್ತು ಮೊದಲ ಸಲ ಅದನ್ನು ಹಾಗೆ ಎತ್ತಿಹಿಡಿಯಲು ಬಿಟ್ಟು ನಿಂತಿದ್ದಳು.

ಇನ್ನು ನಾಣ್ಯದ ವಿಷಯಕ್ಕೆ ಬರುತ್ತೇನೆ.

ಹೋಮ್‌ಗೆ ಐವತ್ತು ವರ್ಷ ತುಂಬಿತು. ಸುವರ್ಣ ಮಹೋತ್ಸವಕ್ಕೆ ಸ್ಮರಣ ನಾಣ್ಯ ಹೊರಡಿಸಬೇಕೆಂದು ಕಮಿಟಿ ತೀರ್ಮಾನ ಮಾಡಿತು. ಸುವರ್ಣಕ್ಕೆ ಚಿನ್ನ ದುಬಾರಿ, ಆದ್ದರಿಂದ ಬೆಳ್ಳಿ. ಸರ್ಕಾರದ ನಾಣ್ಯವಲ್ಲ, ಅಂಗಡಿಯಲ್ಲಿ ಕೊಟ್ಟರೆ ಒಂದು ಕಟ್ಟು ಕೊತ್ತಂಬರಿಯೂ ಬರುವುದಿಲ್ಲ. ನೀಲಿ ವೆಲ್ವೆಟ್ ಡಬ್ಬಿಯಲ್ಲಿಟ್ಟು ದಾನಿಗಳಿಗೆ ಕೊಡುವುದು, ಕಂಪನಿಗಳಿಗೆ ಗಿಫ್ಟ್ ಐಟಂ ಎಂದು ಮಾರುವುದು. ಒಂದು ಕಡೆ ದೀಪ ಮತ್ತು ಐವತ್ತು ಎಂಬ ಅಂಕಿ. ಇನ್ನೊಂದು ಕಡೆ ಒಂದು ಮಗು. ಮಗು ಯಾವುದು ಎಂದು ಚರ್ಚೆಯೇ ಆಗಲಿಲ್ಲ. ಗೋಡೆಯ ಮೇಲೆ ತಟ್ಟೆ ಹಿಡಿದುಕೊಂಡು ತಯಾರಾಗಿ ನಿಂತಿತ್ತಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಚಾಪೆಲ್ ಬಾಗಿಲ ಪಕ್ಕ ಒಂದು ಪ್ಲಾಸ್ಟರ್ ಏಂಜೆಲ್ ಇತ್ತು. ಮಂಡಿಯೂರಿ ಕೂತು ಬಟ್ಟಲು ಚಾಚಿಕೊಂಡಿತ್ತು. ಬಟ್ಟಲಿಗೆ ಕಾಸು ಹಾಕಿದರೆ ಒಳಗೆ ಯಾವುದೋ ಸ್ಪ್ರಿಂಗ್ ಅಲುಗಿ ತಲೆ ಆಡಿಸುತ್ತಿತ್ತು. ಬಡ ಮಕ್ಕಳ ಪರವಾಗಿ ಥ್ಯಾಂಕ್ಯೂ ಎಂದು ಅರ್ಥ. ನಾವು ಹುಡುಗಿಯರು ಮಿಠಾಯಿ ಕಾಸು ಉಳಿಸಿ ಸಾಲುಗಟ್ಟಿ ನಿಲ್ಲುತ್ತಿದ್ದೆವು. ಬಡ ಮಕ್ಕಳ ಮೇಲಿನ ಪ್ರೀತಿಯಿಂದಲ್ಲ. ಆ ತಲೆ ಆಡುವುದನ್ನು ನೋಡಲು. ನಮ್ಮ ಕಮಿಟಿಯನ್ನು ನೋಡಿದಾಗಲೆಲ್ಲ ನನಗೆ ಆ ಸಾಲು ಜ್ಞಾಪಕ ಬರುತ್ತದೆ. ರೇಷ್ಮೆ ಸೀರೆ ಉಟ್ಟಿದ್ದಾರೆ ಅಷ್ಟೇ.

ಡಿಸೈನ್ ಮಾಡುವ ಹುಡುಗ ಲ್ಯಾಪ್‌ಟಾಪ್ ತಂದು ತೋರಿಸಿದ ದಿನ ಕಮಿಟಿಯ ಸದಸ್ಯೆಯಾಗಿ ನಾನೂ ಅಲ್ಲಿದ್ದೆ. ಕಮಿಟಿಯ ಅಧ್ಯಕ್ಷೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕನ್ನಡಕ ಮೇಲೇರಿಸಿ ನೋಡಿದರು.

‘ಏನ್ರೀ ಇದು, ಆರು ಬೆರಳಿದೆ? ಎಐ ಹತ್ರ ಮಾಡಿಸಿದ್ರಾ?’

ಎಲ್ಲರೂ ನಕ್ಕರು.

‘ಇಲ್ಲ ಮೇಡಂ, ನಾನೇ ಕೂತು ಟ್ರೇಸ್ ಮಾಡಿದ್ದು. ಫೋಟೋದಲ್ಲೇ ಇದೆ. ಜೂಮ್ ಮಾಡ್ತೀನಿ ನೋಡಿ.’

ಇಷ್ಟು ವರ್ಷ ಆ ಫೋಟೋದ ಕೆಳಗೇ ಕೂತು ಕಾಫಿ ಕುಡಿದವರು ಯಾರೂ ಅದನ್ನು ನೋಡಿರಲಿಲ್ಲ. ಕಣ್ಣಿನ ಹೋಪ್ ನೋಡುತ್ತಿದ್ದರು, ಕೈ ಯಾರಿಗೆ ಬೇಕು?

‘ಐದೇ ಮಾಡಿಬಿಡಪ್ಪ’ ಎಂದೆ ನಾನು. ‘ಇನ್ನೂ ಒಳ್ಳೇದು ಅಂದ್ರೆ ಮುಖಾನೇ ಬೇಡ. ಒಂದು ಸ್ಲೇಟು ಹಾಕು, ಗಿಡ ಹಾಕು. ಆ ಹುಡುಗಿ ಈಗ ಮದುವೆಯಾಗಿ ಒಂದು ಮನೇಲಿದ್ದಾಳೆ. ಅವಳನ್ನ ಯಾರಾದ್ರೂ ಕೇಳಿದೀರಾ?’

‘ಕೇಳೋದೇನು ಆಂಟಿ? ಶೀ ಈಸ್ ಅವರ್ ಚೈಲ್ಡ್.’

‘ಶೀ ಈಸ್ ಎ ಗ್ರೋನ್ ವುಮನ್.’

‘ಆಂಟಿ, ಯು ಆರ್ ಟೂ ಸೆನ್ಸಿಟಿವ್. ಇಷ್ಟು ಪುಟ್ಟ ಕಾಯಿನ್‌ನಲ್ಲಿ ಯಾರ್ ಗುರುತು ಹಿಡೀತಾರೆ? ಬಟ್ ದಟ್ ಫಿಂಗರ್! ಓಹ್, ಅದನ್ನ ತೆಗೀಬೇಡಪ್ಪ. ಎಷ್ಟು ಅಥೆಂಟಿಕ್ ಆಗಿದೆ. ಅದೇ ಸ್ಟೋರಿ!’

ಯಾರೂ ಗುರುತು ಹಿಡಿಯುವುದಿಲ್ಲವಂತೆ, ಆದರೆ ಗುರುತು ಮಾತ್ರ ಇರಲೇಬೇಕಂತೆ. ನಾನು ಇದನ್ನು ಅಲ್ಲೇ ಹೇಳಿದೆ. ಯಾರೋ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಮಾರನೆಯ ದಿನವೇ ಲ್ಯಾಬಿಗೆ ಹೋಗಿ ಹುಡುಗಿಗೆ ಹೇಳಿದೆ. ‘ನಿಲ್ಲಿಸಿ ಮಿಸ್. ಹೇಗಾದ್ರೂ ಮಾಡಿ ನಿಲ್ಲಿಸಿ’ ಎಂದಳು. ಅಧ್ಯಕ್ಷೆಯ ಮನೆಗೆ ಹೋದೆ, ಫೋನ್ ಮಾಡಿದೆ, ಮತ್ತೆ ಹೋದೆ. ಅಚ್ಚು ಆಗಿಹೋಗಿದೆ ಆಂಟಿ ಎಂದರು. ಕಮಿಟಿಗೆ ರಾಜೀನಾಮೆ ಕೊಟ್ಟೆ. ನನ್ನ ಸೇವೆಗೆ ಒಂದು ಹೂಗುಚ್ಛ ಕಳಿಸಿದರು.

ಹುಡುಗಿ ಗಂಡನಿಗೂ ಹೇಳಿದ್ದಳು. ‘ಅಷ್ಟೊಂದು ಗಿಫ್ಟ್ ಅಂಗಡಿ ಐಟಂ ಮಧ್ಯೆ ಯಾರು ನೋಡ್ತಾರೆ ಬಿಡೇ’ ಎಂದನಂತೆ ಅವನು. ಆದರೆ ಆ ವರ್ಷ ಅವನ ಕಂಪನಿಯವರು ದೀಪಾವಳಿಗೆ ಡ್ರೈ ಫ್ರೂಟ್ಸ್ ಡಬ್ಬದ ಬದಲು ಏನಾದರೂ ‘ಮೀನಿಂಗ್‌ಫುಲ್’ ಆದದ್ದು ಕೊಡೋಣವೆಂದು ಯೋಚಿಸಿದರು. ಕಂಪನಿಯ ಬಣ್ಣದ ಕಾಗದದಲ್ಲಿ ಸುತ್ತಿದ ಡಬ್ಬಿಯನ್ನು ಅವನು ಪ್ರತಿ ವರ್ಷದಂತೆ ಬಿಚ್ಚದೆ ತಂದು ತಾಯಿಯ ಕೈಗೆ ಕೊಟ್ಟ. ಅವರು ಬಿಚ್ಚಿದರು. ಬೆಳ್ಳಿ! ನೀಲಿ ಡಬ್ಬಿಯನ್ನು ಅತ್ತ ಇಟ್ಟು, ಬೆಳ್ಳಿಯನ್ನು ನೇರ ದೇವರ ಮನೆಗೆ ಒಯ್ದರು. ಧನಲಕ್ಷ್ಮಿ ಪೂಜೆಯ ಹೊತ್ತಿಗೆ ಬೆಳ್ಳಿ ಬಂದರೆ ನಮ್ಮಲ್ಲಿ ಬೇರೆ ಎಲ್ಲಿಗೆ ಹೋಗುತ್ತದೆ?

ಹಬ್ಬ ಕಳೆದ ಮೇಲೆ ಹುಡುಗಿ ನನ್ನ ಮನೆಗೆ ಬಂದು ಸೋಫಾದಲ್ಲಿ ಕುಸಿದು ಕೂತು ನಗತೊಡಗಿದಳು.

‘ಏನೇ ಆಯ್ತು?’

‘ಅತ್ತೆಗೆ ಕಣ್ಣು ಸರಿಯಾಗಿ ಕಾಣಲ್ಲ ಮಿಸ್. ನನ್ನ ರಿಬ್ಬನ್ ಇದೆಯಲ್ಲ, ಅದು ಕಿರೀಟ ಅಂತೆ. ಕೈಯಲ್ಲಿ ತಟ್ಟೆ. ಅನ್ನಪೂರ್ಣೇಶ್ವರಿ ಅಂದ್ಬಿಟ್ರು! ಕುಂಕುಮ ಇಟ್ಟು, ಹೂವ ಇಟ್ಟು, ನನ್ನ ಕೈಲೇ ಆರತಿ ಎತ್ತಿಸಿದ್ರು. ನನಗೆ ನಾನೇ ಮಂಗಳಾರತಿ ಮಾಡ್ಕೊಂಡೆ ಮಿಸ್.’

‘ನಿನ್ನ ಗಂಡ?’

‘ಹಿಂದೆ ನಿಂತು ಗಂಟೆ ಬಾರಿಸ್ತಿದ್ರು. ಬೆವರ್ತಾ ಇದ್ರು.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅನ್ನಕ್ಕಾಗಿ ತಟ್ಟೆ ಒಡ್ಡಿ ಕಾದು ನಿಂತ ಮಗು, ಆ ಮನೆಯಲ್ಲಿ ಅನ್ನ ನೀಡುವ ತಾಯಿಯಾಗಿ ಕೂತಿತ್ತು. ‘ಪಾಯಸ ನೈವೇದ್ಯ ಇಟ್ಟಿದ್ರು’ ಎಂದಳು ಕಣ್ಣೊರೆಸಿಕೊಂಡು. ‘ಈ ಸಲ ಬಿಸಿಯಾಗಿತ್ತು.’

ಅವಳು ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ಚಳಿಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಆಟೋ ನಿಂತಿತು. ಅವಳ ಅತ್ತೆ. ಮದುವೆಯ ದಿನ ನೋಡಿದ್ದವರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು.

‘ಕಾಫಿ ಬ್ಯಾಡಿ ಟೀಚರಮ್ಮ, ನಾನು ಕೂತ್ಕಳಕ್ಕೆ ಬಂದಿಲ್ಲ’ ಎಂದು ಹೇಳಿ ಕೂತರು.

ಸೊಂಟದಿಂದ ಒಂದು ಅರಿಶಿನದ ಬಟ್ಟೆಯ ಗಂಟು ತೆಗೆದು ಟೀಪಾಯಿಯ ಮೇಲೆ ಇಟ್ಟರು. ಒಳಗೆ ಏನಿದೆಯೆಂದು ನನಗೆ ನೋಡುವ ಮೊದಲೇ ತಿಳಿಯಿತು.

‘ಶುಕ್ರವಾರ ಬೆಳ್ಳಿ ಸಾಮಾನು ತೊಳೀತಾ ಇದ್ದೆ. ವಿಭೂತಿ ಹಾಕಿ ತಿಕ್ತಾ ಇದ್ರೆ ಅಮ್ಮನೋರ ಕೈಯಾಗೆ ಏನೋ ಮೆತ್ಕಂಡೈತೆ. ಕುಂಕುಮ ಸೇರ್ಕಂಡೈತೆ ಅಂತ ಬ್ರಷ್ಷಲ್ಲಿ ತಿಕ್ದೆ. ಹೋಗ್ನಿಲ್ಲ. ಇನ್ನೂ ತಿಕ್ದೆ. ಹೊಳೀತು, ಹೋಗ್ನಿಲ್ಲ. ಹೆಬ್ಬೆಟ್ಟಲ್ಲಿ ಸವರಿ ನೋಡ್ದೆ. ಬೆಳ್ಳು.’

ಗಂಟಿನ ಮೇಲೆ ಕೈ ಇಟ್ಟುಕೊಂಡು ಮುಂದುವರಿಸಿದರು.

‘ಸೊಸೆ ಅಲ್ಲೇ ಅಡಿಗೆಮನೇಲಿ ಸೊಪ್ಪು ಬಿಡಿಸ್ತಾ ಕೂತಿದ್ಲು. ಅವಳ ಕೈ ನೋಡ್ದೆ. ಇದ್ರ ಕೈ ನೋಡ್ದೆ. ಮೊಮ್ಮಗನ್ನ ಕರೆದು... ಅದೇ ನಮ್ ದೊಡ್ಡ ಮಗಳ ಮಗ ಇಂಗ್ಲೀಷ್ ಓದ್ತಾನಲ್ಲ, ಅವನ ಕೈಲಿ ಸುತ್ತ ಏನು ಬರೆದವ್ರೆ ಅಂತ ಓದಿಸ್ದೆ. ಅನಾಥ ಮಕ್ಕಳ ಹೋಮು ಅಂದ. ಸೊಸೆನ ಕೇಳಿದ್ರೆ ಎಲ್ಲ ಒಪ್ಕಂಡ್ಲು, ನೀವೂ ಆ ಹೋಮಿನೋರೇ ಅಂದ್ಲು.’ ಅವರ ಕಣ್ಣು ತುಂಬಿ ಬಂತು, ದುಃಖದಿಂದಲೋ ಅವಮಾನದಿಂದಲೋ. ‘ಮನೇಲಿರೋ ಸೊಸೆಗೆ ನಾನೇ ವಾರವಾರ ಕುಂಕುಮ ಇಟ್ಟು ಅಡ್ಡ ಬಿದ್ದಿವ್ನಿ. ಯಾರಾದ್ರೂ ಕೇಳಿದ್ರೆ ನಗಲ್ವಾ?’

‘ಅವಳು ಏನು ತಪ್ಪು ಮಾಡಿದ್ಲು ಹೇಳಿ.’

‘ತಪ್ಪು ನನ್ನ ಮಗಂದು. ನಮ್ಮೋಳೇ ಅಂದ. ಯಾರೋಳು ಅಂತ ನಿಮಗಾದ್ರೂ ಗೊತ್ತಾ?’

‘ಇಲ್ಲ. ಅವಳಿಗೂ ಗೊತ್ತಿಲ್ಲ.’

‘ನೋಡಿ ಮತ್ತೆ.’ ಸೆರಗಿನಿಂದ ಮೂಗು ಒರೆಸಿಕೊಂಡರು. ‘ಆಚೆ ಹಾಕ್ತೀನಿ ಅಂದ್ಕಂಡ್ರಾ? ಹಾಕಲ್ಲ. ಹುಡುಗಿ ಒಳ್ಳೇಳೇ. ನನ್ನ ಶುಗರ್ರು ಗಿಗರ್ರು ಎಲ್ಲ ಅವಳೇ ನೋಡ್ತಾಳೆ. ಹೊಟ್ಟೇಲಿ ಹುಟ್ಟಿದ ಮಗಳು ನೋಡಲ್ಲ ಹಂಗೆ. ಆದ್ರೆ ಊರ್ ತುಂಬ ನಮ್ಮ ನೆಂಟರೇ ಅವ್ರೆ. ಕಂಪ್ನಿಯೋರು ಈ ಬಿಲ್ಲೆನ ಎಷ್ಟು ಮನೆಗೆ ಹಂಚವ್ರೋ. ಇನ್ನೊಬ್ರ ಕಣ್ಣಿಗೆ ಬೀಳೋದ್ರೊಳಗೆ ಆ ಬೆಳ್ಳು ಹೋಗಬೇಕು. ಆ ಹೋಮಿನ ಕಡೆಯೋರು ಯಾರೂ ಅವಳ ಹತ್ರ ಸುಳೀಬಾರದು. ದೀಪ ಮುಟ್ಟಿ ಆಣೆ ಮಾಡಿಸ್ಕಂಡಿವ್ನಿ. ನಿಮ್ಮನ್ನೂ ಸೇರ್ಸಿ, ಟೀಚರಮ್ಮ. ಬೇಜಾರ್ ಮಾಡ್ಕಬ್ಯಾಡಿ.’

‘ಮದುವೆ ದಿನ ಅದೃಷ್ಟದ ಬೆರಳು ಅಂದಿದ್ರಿ ನೀವು.’

ಅವರು ನನ್ನನ್ನು ಪೆದ್ದಿಯೆಂಬಂತೆ ನೋಡಿದರು. ‘ಅವಾಗ ಯಾರ ಬೆಳ್ಳು ಅಂತ ಗೊತ್ತಿರ್ನಿಲ್ವಲ್ಲಮ್ಮ.’

ಏಳುವಾಗ ಗಂಟನ್ನು ನನ್ನ ಕಡೆ ಸರಿಸಿದರು. ‘ಪೂಜೆ ಆಗಿರೋದು. ಕರಗಿಸಕ್ಕೆ ಕೊಡಂಗಿಲ್ಲ, ಕಸಕ್ಕೆ ಹಾಕಂಗಿಲ್ಲ. ಮನೇಲಿ ಮಡಿಕ್ಕಳಕ್ಕೆ ನಂಗಾಗಲ್ಲ. ನೀವೇ ಮಡಿಕ್ಕಳಿ.’ ಬಾಗಿಲ ಹತ್ತಿರ ನಿಂತು ಅಭ್ಯಾಸಬಲದಿಂದ ‘ಬತ್ತೀನಿ’ ಎಂದರು.

ಅವರನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಸುಲಭವಾಗಿ ಆಗಬೇಕಾಗಿತ್ತು. ಆದರೆ ಅವರಾದರೂ ಆ ಕೈಯನ್ನು ಸರಿಯಾಗಿ ನೋಡಿದರು, ಹೆಬ್ಬೆಟ್ಟು ಇಟ್ಟು ನೋಡಿದರು. ನನ್ನ ದ್ವೇಷವೆಲ್ಲ ಕಮಿಟಿಯವರ ಆ ಬಿಸ್ಕತ್ತಿನ ತಟ್ಟೆಯ ಕಡೆಗೇ ಹೋಗುತ್ತದೆ.

ಸಂಜೆ ಹುಡುಗಿಗೆ ಫೋನ್ ಮಾಡಿದೆ. ಲ್ಯಾಬಿನ ಹಿಂದಿನ ಓಣಿಯಿಂದ ಮಾತಾಡುತ್ತಿದ್ದಳು. ಸ್ಕೂಟರುಗಳ ಸದ್ದು ಕೇಳುತ್ತಿತ್ತು.

‘ನೀನು ಒಪ್ಪಿದ್ಯಾ?’

‘ಅದರಲ್ಲಿ ಮೂಳೆ ಕೂಡ ಇಲ್ಲ ಮಿಸ್. ಲೋಕಲ್ ಅನಸ್ತೀಶಿಯಾ ಕೊಟ್ಟು ಅರ್ಧ ಗಂಟೇಲಿ ತೆಗೀತಾರೆ.’

‘ನಾನು ಅದನ್ನ ಕೇಳ್ಲಿಲ್ಲ.’

‘ಗೊತ್ತು. ನನಗೆ ಈ ಮನೆ ಬೇಕು ಮಿಸ್. ರೇಷನ್ ಕಾರ್ಡಲ್ಲಿ ನನ್ನ ಹೆಸರು ಇನ್ನಿಬ್ರ ಜೊತೆ ಇದೆ. ನಿಮಗೆ ಅದು ಅರ್ಥ ಆಗಲ್ಲ. ನೀವು ಹುಟ್ಟಿದಾಗ್ನಿಂದ ಯಾವ್ದಾದ್ರೂ ಒಂದು ಕಾರ್ಡಲ್ಲಿ ಇದ್ದೇ ಇದ್ರಿ.’

‘ನೀವಿಬ್ರೂ ಬೇರೆ ಮನೆ ಮಾಡಿ. ನಾನು ಹುಡುಕಿಕೊಡ್ತೀನಿ.’

‘ಬೇರೆ ಮನೆ ಅಂದ್ರೆ ಮತ್ತೆ ಇಬ್ರೇ. ನನಗೆ ಅತ್ತೆನೂ ಬೇಕು. ಬೈತಾರಲ್ಲ, ಅದೂ ಬೇಕು.’ ಆಮೇಲೆ ದನಿ ಗಟ್ಟಿಯಾಯಿತು. ‘ನೀವೇ ಹೇಳಿ, ನನ್ನ ಯಾರಾದ್ರೂ ಕೇಳಿ ಮಾಡಿದಾರಾ ಇದುವರೆಗೂ ಏನನ್ನಾದ್ರೂ? ಫೋಟೋ ತೆಗೆಯೋವಾಗ ಕೇಳಿದ್ರಾ? ಕಾಯಿನ್ ಮಾಡೋವಾಗ? ಅತ್ತೆ ಒಬ್ರೇ, ಇರ್ತೀಯಾ ಹೋಗ್ತೀಯಾ ಅಂತ ಕೇಳಿದ್ದು. ಇರ್ತೀನಿ ಅಂದೆ. ಫೋನ್ ಇಡ್ತೀನಿ ಮಿಸ್.’

ನನಗೆ ಸಿಟ್ಟು ಬಂತು, ಅವಳ ಮೇಲೂ ಬಂತು. ಇಷ್ಟು ವರ್ಷದ ಶನಿವಾರಗಳನ್ನು ಒಂದು ಆಣೆಗೆ ಕೊಟ್ಟುಬಿಟ್ಟಳಲ್ಲ ಎಂದು. ಆಮೇಲೆ ಹೊಳೆಯಿತು, ಅವಳು ಆ ಏಂಜೆಲ್ಲಿನಂತೆ ತಲೆ ಆಡಿಸಲಿ ಎಂದು ನಾನೂ ಕಾಯುತ್ತಿದ್ದೇನೆ ಎಂದು. ಆದರೂ ಸಿಟ್ಟು ಹೋಗಲಿಲ್ಲ.

ನಾಣ್ಯವನ್ನು ಕೈಚೀಲಕ್ಕೆ ಹಾಕಿಕೊಂಡು ಅಧ್ಯಕ್ಷೆಯ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅರ್ಧ ಕೇಳಿ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡರು.

‘ಓ ಮೈ ಗಾಡ್! ಅನ್ನಪೂರ್ಣ ಅಂದ್ಕೊಂಡು ಪೂಜೆ ಮಾಡಿದ್ರಾ? ನೋಡಿ, ಗೂಸ್‌ಬಂಪ್ಸ್! ಆಂಟಿ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ. ನ್ಯೂಸ್‌ಲೆಟರಿಗೆ ಬರೆದುಕೊಡ್ತೀರಾ? ಇಷ್ಟೇ, ಪೂಜೆವರೆಗೂ ಸಾಕು.’

ಬರೆದುಕೊಡಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ, ಪೂಜೆಯಿಂದ ಮುಂದಕ್ಕೂ. ಹೆಸರುಗಳನ್ನು ಬಿಟ್ಟಿದ್ದೇನೆ. ಓದಿದವರು ಯಾರಾದರೂ ಅವಳನ್ನು ಹುಡುಕಲು ಹೊರಟರೂ ಗುರುತು ಹಿಡಿಯಲು ಇನ್ನು ಏನೂ ಉಳಿದಿಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾಣ್ಯ ನನ್ನ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿದೆ. ರಿಬ್ಬನ್ನಿನ ಗೆರೆಗಳಲ್ಲಿ ಕುಂಕುಮ ಕೂತಿದೆ. ನಾನು ತೊಳೆದಿಲ್ಲ. ಬೆರಳು ಮಾತ್ರ ಥಳಥಳ ಹೊಳೆಯುತ್ತದೆ, ಅಷ್ಟು ತಿಕ್ಕಿದ್ದಾರೆ.

ಕೆಲವು ತಿಂಗಳು ನನ್ನ ರಕ್ತ ಪರೀಕ್ಷೆಯನ್ನು ಸಿದ್ದಾಪುರದ ಹತ್ತಿರ ಬೇರೆ ಲ್ಯಾಬಿನಲ್ಲಿ ಮಾಡಿಸಿದೆ. ಅಲ್ಲಿನ ಹುಡುಗ ನರ ಸಿಗದೆ ಎರಡು ಕಡೆ ಚುಚ್ಚಿ ಕೈ ನೀಲಿ ಮಾಡಿದ. ಅದನ್ನೇ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜೆ.ಪಿ. ನಗರಕ್ಕೆ ಹೋದೆ. ಅವಳನ್ನು ನೋಡಲೆಂದೇ ಹೋದೆ.

ಟೋಕನ್ ಬಂತು. ಪರದೆ ಸರಿಸಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವಳು ಬೆನ್ನು ತಿರುಗಿಸಿಕೊಂಡು ಸಿರಿಂಜು ಬಿಚ್ಚುತ್ತಿದ್ದಳು. ತಿರುಗಿದಳು. ಸ್ವಲ್ಪ ದಪ್ಪಗಾಗಿದ್ದಳು, ಅಥವಾ ಬಸುರಿಯೇ ಇರಬಹುದು. ಬಿಳಿ ಕೋಟಿನಲ್ಲಿ ಗೊತ್ತಾಗಲಿಲ್ಲ. ಪರದೆಯ ಒಳಗೆ ನಾವಿಬ್ಬರೇ. ನಮ್ಮನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನಾನು ಕಾದೆ.

‘ನಿಮ್ಮ ಹೆಸರು ಹೇಳಿ, ಮೇಡಂ.’

ಟ್ಯೂಬಿನ ಮೇಲೆ ಬರೆಯುವ ಮೊದಲು ಪೇಷಂಟಿನ ಬಾಯಿಂದಲೇ ಹೆಸರು ಹೇಳಿಸಬೇಕು ಎಂಬುದು ಅಲ್ಲಿನ ನಿಯಮ. ಹಿಂದೆ ನನ್ನನ್ನು ಎಂದೂ ಕೇಳಿರಲಿಲ್ಲ. ಹೇಳಿದೆ. ವಯಸ್ಸು ಕೇಳಿದಳು, ಅದನ್ನೂ ಹೇಳಿದೆ. ಬರೆದುಕೊಂಡಳು. ತೋಳಿಗೆ ಪಟ್ಟಿ ಕಟ್ಟಿದಳು.

‘ಮುಷ್ಟಿ ಬಿಗಿ ಮಾಡಿ ಮೇಡಂ. ಸ್ವಲ್ಪ ಚುರ್ ಅನ್ನುತ್ತೆ.’

ಅನ್ನಲಿಲ್ಲ. ಆ ಕೈ ಹಾಗೆಯೇ ಇತ್ತು, ಹಗುರ. ಸೂಜಿ ತೆಗೆದು ಹತ್ತಿ ಒತ್ತಿ, ಎಡಗೈಯಿಂದ ನನ್ನ ಮೊಣಕೈ ಹಿಡಿದಳು. ನಾನು ಗ್ಲೌಸನ್ನೇ ನೋಡುತ್ತಿದ್ದೆ. ಕಿರುಬೆರಳಿನಿಂದ ಮಣಿಕಟ್ಟಿನ ತನಕ ನೀಲಿ ರಬ್ಬರು ನುಣ್ಣಗೆ, ಎಲ್ಲೂ ಉಬ್ಬದೆ, ಒಂದೂ ಸುಕ್ಕಿಲ್ಲದೆ ಕೂತಿತ್ತು. ಗ್ಲೌಸ್ ಮಾಡುವವರು ಅವಳ ಅಳತೆಯನ್ನೇ ತೆಗೆದುಕೊಂಡು ಮಾಡಿದಂತಿತ್ತು.

‘ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಳ್ಳಿ. ರಿಪೋರ್ಟ್ ಸಂಜೆ ವಾಟ್ಸಾಪಿಗೆ ಬರುತ್ತೆ.’

ಎದ್ದೆ. ನಾನು ಇನ್ನೂ ಪರದೆ ದಾಟಿರಲಿಲ್ಲ, ಅವಳು ಹಿಂದಿನಿಂದ ಮುಂದಿನವರನ್ನು ಕೂಗಿದಳು.

‘ನೆಕ್ಸ್ಟ್.’

ಕೊನೆಯಲ್ಲಿ ‘ಉ’ ಇರಲಿಲ್ಲ.